ಪುಟ್ಟ ವಿಮಾನ ಕಟ್ಟುವವರು ಸ್ಟಾಲ್ ಬಗ್ಗೆಯೂ ತಿಳಿಯಲಿ

ಮಾನ್ಯ ಸಂಪಾದಕರೇ,

ಯಲಹಂಕದ ಏರ್ ಶೋ ನೋಡಿ ಬಂದ ನಮ್ಮ ಚಿಕ್ಕಬಳ್ಳಾಪುರದ ಕೆಲವು ಹುಡುಗರು ತಾವೇ ಪುಟ್ಟ ವಿಮಾನ ಕಟ್ಟುವ ಮಾತಾಡುತ್ತಾರೆ. ಖುಷಿಯ ವಿಷಯವೇ. ಆದರೆ ಮಾತೆಲ್ಲ ಇಂಜಿನ್, ಪೈಪು, ವೆಲ್ಡಿಂಗ್ ಸುತ್ತಲೇ. ಹಾರಿಸುವುದನ್ನು ಯಾರು ಕಲಿಸುತ್ತಾರೆ?

ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಹವ್ಯಾಸಿಗಳು ಕಟ್ಟಿದ ವಿಮಾನಗಳ ಅಪಘಾತಗಳ ಬಗ್ಗೆ 2012ರಲ್ಲಿ ಅಧ್ಯಯನ ಪ್ರಕಟಿಸಿತು. ಇಂಜಿನ್ ಕೈಕೊಡುವುದು ಮತ್ತು ಹಾರಾಟದಲ್ಲಿ ನಿಯಂತ್ರಣ ತಪ್ಪುವುದು, ಇವೇ ಮುಖ್ಯವಾಗಿ ಕಂಡವು. ಜಾಸ್ತಿ ಜೀವ ತೆಗೆದದ್ದು ಎರಡನೆಯದು. 2011ರಲ್ಲಿ ಅಪಘಾತಕ್ಕೀಡಾದ ಇಂಥ ವಿಮಾನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೇರೆಯವರಿಂದ ಕೊಂಡವು, ಅಂದರೆ ಹಾರಿಸಿದವರು ಅದನ್ನು ಕಟ್ಟಿದವರಲ್ಲ, ಅದರ ಗುಣ ಅವರಿಗೆ ಹೊಸದಾಗಿರಬಹುದು.

ಇಂಜಿನ್ ಚೆನ್ನಾಗಿ ಓಡುತ್ತಿದ್ದರೂ ರೆಕ್ಕೆಗೆ ಗಾಳಿ ತೀರಾ ಕಡಿದಾದ ಕೋನದಲ್ಲಿ ಬಡಿದರೆ ಎತ್ತುವ ಬಲ ಕುಸಿಯುತ್ತದೆ. ಅದೇ ಸ್ಟಾಲ್. ನಿಯಂತ್ರಣ ತಪ್ಪುವುದು ಹೀಗೂ ಆಗುತ್ತದೆ. ಎತ್ತರ ಬಿಡದೆ 60 ಡಿಗ್ರಿ ವಾಲಿಸಿ ತಿರುಗಿದರೆ ಸ್ಟಾಲ್ ಆಗುವ ವೇಗ ಸುಮಾರು ಶೇ 41ರಷ್ಟು ಏರುತ್ತದೆ, ಹಾಗಾಗಿ ನೇರ ಹಾರಾಟದಲ್ಲಿ ಸಾಕಾಗುವ ವೇಗ ತಿರುವಿನಲ್ಲಿ ಸಾಲುವುದಿಲ್ಲ. ಇಳಿಯಲು ರನ್‌ವೇ ಕಡೆ ತಿರುಗುವಾಗ ಹೀಗಾದರೆ ಸಾವರಿಸಿಕೊಳ್ಳಲು ಎತ್ತರವೇ ಇರುವುದಿಲ್ಲ, ಅಲ್ವಾ?

ನಾಗರಿಕ ವಿಮಾನಯಾನದ ನಿಯಂತ್ರಣ ಸಂಸ್ಥೆ ಡಿಜಿಸಿಎ ಅನುಮತಿ ಇಲ್ಲದೆ, ತರಬೇತಿ ಇಲ್ಲದೆ ಸುಮ್ನೆ ಹೊಲದಲ್ಲಿ ಹಾರಿಸಿ ನೋಡುವ ಯೋಚನೆ ಬೇಡ. ‘ಹಳ್ಳಿ ಹುಡುಗನ ವಿಮಾನ’ ಅಂತ ಸುದ್ದಿ ಬರೆಯುವಾಗ ಅನುಮತಿ ಇದೆಯೇ, ಮೊದಲ ಹಾರಾಟ ಮಾಡುವವರು ಯಾರು ಎಂದು ನಿಮ್ಮ ವರದಿಗಾರರು ದಯವಿಟ್ಟು ಕೇಳಲಿ.

– ಒಬ್ಬ ಓದುಗ, ಚಿಕ್ಕಬಳ್ಳಾಪುರ