ಏಜೆಂಟರ ಪಟ್ಟಿ ಪಂಚಾಯಿತಿ ಬೋರ್ಡಿಗೆ ಬರಲಿ

ಹೊರದೇಶಕ್ಕೆ ಕೆಲಸಕ್ಕೆ ಹೋಗಿ ಎಂದು ಸರ್ಕಾರಗಳೇ ಹುರಿದುಂಬಿಸುತ್ತಿವೆ, ಆದರೆ ಹೋಗುವವರಿಗೆ ಗೊತ್ತಿರಬೇಕಾದ ನಿಯಮಗಳು ಹಳ್ಳಿಗೆ ತಲುಪುತ್ತಿಲ್ಲ. 2024ರ ಜನವರಿಯಲ್ಲಿ ಇಸ್ರೇಲಿನ ಕಟ್ಟಡ ಕೆಲಸಕ್ಕೆ ಹರಿಯಾಣದ ರೋಹ್ಟಕ್, ಉತ್ತರ ಪ್ರದೇಶದ ಲಖನೌಗಳಲ್ಲಿ ಆಯ್ಕೆ ನಡೆದಾಗ, ಇಸ್ರೇಲಿನಲ್ಲಿ ಯುದ್ಧ ನಡೆಯುತ್ತಿದ್ದರೂ ಸಾವಿರಾರು ಜನ ಸಾಲು ನಿಂತರು. ತಿಂಗಳಿಗೆ ಲಕ್ಷ ದಾಟುವ ಸಂಬಳ ಅಂದರೆ ಯಾರು ತಾನೇ ಬೇಡ ಅಂತಾರೆ! ನಮ್ಮ ಕರಾವಳಿಯವರಿಗೂ ಗಲ್ಫ್ ಹೊಸದಲ್ಲ. ಹೋಗಲಿ, ತಪ್ಪೇನಿಲ್ಲ. ಆದರೆ ಸಾಲ ಮಾಡಿ ಏಜೆಂಟನ ಕೈಗೆ ಲಕ್ಷಗಟ್ಟಲೆ ಸುರಿಯುವುದು ಯಾಕೆ? ಕೇಂದ್ರ ಸರ್ಕಾರದಲ್ಲಿ ನೋಂದಾಯಿತ ಏಜೆಂಟ್ ಸೇವಾ ಶುಲ್ಕವಾಗಿ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಜಾಸ್ತಿ ಕೇಳುವಂತಿಲ್ಲ. ಇದು ಎಷ್ಟು ಜನರಿಗೆ ಗೊತ್ತು? ಹತ್ತನೇ ತರಗತಿ ಪಾಸಾಗದವರು ಗಲ್ಫ್ ಕೆಲಸಕ್ಕೆ ಹೋಗಲು ಸರ್ಕಾರದಿಂದ ವಲಸೆ ಅನುಮತಿ ಪಡೆಯಬೇಕು, ಅದರ ಜೊತೆ 10 ಲಕ್ಷ ರೂಪಾಯಿಯ ವಿಮೆಯೂ ಆಗುತ್ತದೆ. ಏಜೆಂಟ್ ಕೆಲಸದ ವೀಸಾ ಬದಲು ವಿಸಿಟ್ ವೀಸಾದಲ್ಲಿ ದಾಟಿಸಿಬಿಟ್ಟರೆ ಇವೆರಡೂ ಇಲ್ಲ. ಆಮೇಲೆ ಅಲ್ಲಿ ಸಿಕ್ಕಿಬಿದ್ದರೆ ಕೇಳುವವರು ಯಾರು?

ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ. ಅದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಶುಲ್ಕದ ಮಿತಿಯನ್ನೂ ದಪ್ಪಕ್ಷರದಲ್ಲಿ ಸೇರಿಸಿ, ಪ್ರತಿ ಗ್ರಾಮ ಪಂಚಾಯಿತಿಯ ನೋಟಿಸ್ ಬೋರ್ಡಿಗೆ ಅಂಟಿಸಲಿ. ಪತ್ರಿಕೆಗಳೂ ಅಷ್ಟೇ, ನೋಂದಣಿ ಸಂಖ್ಯೆ ಇಲ್ಲದ ‘ಫಾರಿನ್ ಕೆಲಸ’ದ ಜಾಹೀರಾತು ತೆಗೆದುಕೊಳ್ಳಬಾರದು.

– ಓದುಗ, ಕುಂದಾಪುರ