ಬೆರಳುದ್ದದ ಕ್ಲಿಪ್ಪಿನ ಬಗ್ಗೆನೂ ಒಂದು ಸಾಲು ಬರೀರಿ

ಸಂಪಾದಕರಿಗೆ ನಮಸ್ಕಾರ,

ಮೆಕ್ಕೆಜೋಳದ ಸೀಜನ್ ಬಂತು ಅಂದ್ರೆ ಪೇಪರಿನ ಜಿಲ್ಲಾ ಪುಟದಲ್ಲಿ ಒಂದೇ ಥರದ ಸುದ್ದಿ ಬರೋಕೆ ಶುರು ಆಗುತ್ತೆ, ಟ್ರ್ಯಾಕ್ಟರ್ ಪಲ್ಟಿ, ಟ್ರೇಲರ್ ಕಳಚಿ ಬೈಕಿಗೆ ಬಡಿತು, ಚಾಲಕನ ನಿಯಂತ್ರಣ ತಪ್ಪಿ ಹಿಂಗಾತು ಅಂತ. ನಾಲ್ಕು ಸಾಲು, ಅಷ್ಟೇ. ಯಾಕೆ ಕಳಚಿತು ಅಂತ ಯಾರೂ ಬರೆಯಲ್ಲ. ನಿಯಂತ್ರಣ ತಪ್ಪಿತು ಅನ್ನೋದು ಕಾರಣ ಅಲ್ಲ ಸ್ವಾಮಿ, ಆಮೇಲೆ ಆಗಿದ್ದು. ಇದನ್ನ ಹೇಳೋಕೆ ನಂಗೆ ಅಧಿಕಾರ ಯಾಕಿದೆ ಅಂದ್ರೆ ಹಿಂದಿನ ಸೀಜನ್ನಿನಲ್ಲಿ ಕಳಚಿದ್ದು ನನ್ನದೇ ಟ್ರೇಲರ್.

ಆನಗೋಡು ಕಡೆಯಿಂದ ದಾವಣಗೆರೆ ಎಪಿಎಂಸಿಗೆ ಜೋಳ ಹೇರ್ಕೊಂಡು ಹೊರಟಿದ್ವಿ, ಬೆಳಗಿನ ಜಾವ, ಇನ್ನೂ ಕತ್ತಲು. ಟ್ರ್ಯಾಕ್ಟರ್ ಮೇಲೆ ನಮ್ಮಕ್ಕನ ಮಗ, ನಾನು ಬೈಕಲ್ಲಿ ಹಿಂದೆ. ಹೈವೇ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಒಂದು ಹಂಪ್ಸು ಇದೆ, ಅದನ್ನ ಇಂಜಿನ್, ಅಂದ್ರೆ ಟ್ರ್ಯಾಕ್ಟರ್, ದಾಟ್ತು, ಟ್ರೇಲರ್ ದಾಟಲಿಲ್ಲ. ಎರಡು ಗಾಲಿ ಟ್ರೇಲರ್ ಅದು, ಇಂಜಿನ್ನಿಗೆ ಸಿಗಿಸೋ ಮುಂದಿನ ಮೂತಿ ಪಟ್ ಅಂತ ಮೇಲಕ್ಕೆದ್ದು ಹಿಂಭಾಗ ರಸ್ತೆಗೆ ಕುಕ್ಕರಿಸಿತು, ಹಿಂದಿನ ಚೀಲ ಎಲ್ಲ ನನ್ನ ಬೈಕಿನ ಮುಂದೆನೇ ಉದುರಿದ್ವು. ಹುಡುಗ ಹಾಡು ಜೋರಾಗಿ ಹಾಕ್ಕೊಂಡಿದ್ದ, ಗಾಡಿ ಹಗುರ ಆಯ್ತಲ್ಲ ಅಂತ ಒಂದು ಫರ್ಲಾಂಗ್ ಹೋದ್ಮೇಲೆ ತಿರುಗಿ ನೋಡಿದಾನೆ. ದೇವರು ದೊಡ್ಡೋನು, ಯಾರಿಗೂ ಏನೂ ಆಗಲಿಲ್ಲ. ನಾನು ಇನ್ನೊಂದು ಮಾರು ಹತ್ತಿರ ಇದ್ದಿದ್ರೆ ಈ ಕಾಗದ ಬರೆಯೋಕೆ ಇರ್ತಿರಲಿಲ್ಲ.

ತಪ್ಪು ಯಾರದು ಅಂದ್ರೆ ನಂದೇ. ಟ್ರೇಲರಿನ ಮೂತಿನ ಇಂಜಿನ್ನಿಗೆ ಸೇರಿಸೋ ಹುಕ್ಕಿನ ಪಿನ್ನು ಎಲ್ಲೋ ಹೊಲದಲ್ಲಿ ಕಳೆದುಹೋಗಿತ್ತು, ಅದರ ಬದಲಿಗೆ ಮನೆ ಕಟ್ಟುವಾಗ ಉಳಿದಿದ್ದ ಸರಳಿನ ತುಂಡೊಂದನ್ನ ತುದಿ ಬಗ್ಗಿಸಿ ಹಾಕಿದ್ದೆ, ಕೆಳಗೆ ಅದು ಮೇಲಕ್ಕೆ ಹಾರದಂಗೆ ಹಿಡಿಯೋ ಕ್ಲಿಪ್ಪಿಲ್ಲ, ಬೈಂಡಿಂಗ್ ವೈರ್ ಎರಡು ಸುತ್ತು. ಹೊಲದಿಂದ ಮನೆಗೆ ಅದರಲ್ಲೇ ನಾಲ್ಕಾರು ಸಲ ಬಂದಿತ್ತಲ್ಲ, ಅದೇ ಧೈರ್ಯ. ಆದ್ರೆ ಸರಳು ಸಣ್ಣದು, ಹೋಲು ದೊಡ್ಡದು, ನಡುವೆ ಸಡಿಲ ಇದ್ದಾಗ ಪ್ರತಿ ಸಲ ಕ್ಲಚ್ ಬಿಟ್ಟಾಗ್ಲೂ ಬ್ರೇಕ್ ಹಿಡಿದಾಗ್ಲೂ ಅದು ಸುತ್ತಿಗೆ ಥರ ಹೊಡ್ಕೊಳ್ತಾ ಇರುತ್ತೆ, ವೈರು ಸವೆದು ತುಂಡಾಗುತ್ತೆ, ಆಮೇಲೆ ಒಂದು ಹಂಪ್ಸು ಸಾಕು ಸರಳು ಮೇಲಕ್ಕೆ ಹಾರೋಕೆ.

ಇನ್ನೊಂದು ತಪ್ಪೂ ನಂದೇ, ಅದನ್ನ ಯಾರಿಗೂ ಹೇಳಿರಲಿಲ್ಲ. ಏರಿನಲ್ಲಿ ಇಂಜಿನ್ ಮುಂದಿನ ಗಾಲಿ ಎತ್ತುತ್ತೆ ಅಂತ ಹಮಾಲರಿಗೆ ಚೀಲ ಹಿಂದಕ್ಕೇ ಒಟ್ಟಿ ಅಂತ ಹೇಳಿದ್ದೆ. ಎರಡು ಗಾಲಿ ಟ್ರೇಲರಲ್ಲಿ ಭಾರ ಹಿಂದಾದ್ರೆ ಅದು ತಕ್ಕಡಿ ಇದ್ದಂಗೆ, ಮೂತಿ ಮೇಲಕ್ಕೆ ಒತ್ತುತ್ತಾ ಇರುತ್ತೆ, ಇಂಜಿನ್ನಿನ ಹಿಂದಿನ ಗಾಲಿಗೆ ಹಿಡಿತ ಕಮ್ಮಿ ಆಗುತ್ತೆ, ಸ್ವಲ್ಪ ಸ್ಪೀಡ್ ಆದ್ರೆ ಬಾಲ ಆಡಿಸೋಕೆ ಶುರು ಮಾಡುತ್ತೆ. ಹಂಗಂತ ಪೂರ್ತಿ ಮುಂದೆ ಹೇರಿದ್ರೆ ಮುಂದಿನ ಗಾಲಿ ಎತ್ತಿ ಸ್ಟೇರಿಂಗೇ ಕೇಳಲ್ಲ, ನನ್ನ ಹೆದರಿಕೆ ಸುಳ್ಳೇನಲ್ಲ. ಅಚ್ಚಿನ ಹಿಂದಕ್ಕಿಂತ ಮುಂದೆ ಒಂಚೂರು ಜಾಸ್ತಿ ಇರಬೇಕು, ಮೂತಿ ಹುಕ್ಕಿನ ಮೇಲೆ ತಾನಾಗೇ ಕೂತಿರಬೇಕು. ನಮ್ಮಪ್ಪ ಎತ್ತಿನ ಗಾಡಿ ಹೇರುವಾಗ ನೊಗಕ್ಕೆ ಕೈ ಹಚ್ಚಿ ಎತ್ತಿ ನೋಡಿ ಎತ್ತಿನ ಹೆಗಲಿಗೆ ಎಷ್ಟು ಭಾರ ಬೀಳುತ್ತೆ ಅಂತ ಹೇಳ್ತಿದ್ದ, ಹೊರಡೋ ಮುಂಚೆ ಗಾಲಿ ಕಳಚದಂಗೆ ಅಚ್ಚಿನ ತುದಿಗೆ ಹಾಕೋ ಕಡಾಣಿನ ಎರಡೂ ಕಡೆ ಮುಟ್ಟದೆ ಗಾಡಿ ಹತ್ತುತ್ತಿರಲಿಲ್ಲ. ನಾವು ಲಕ್ಷಗಟ್ಟಲೆ ಸಾಲ ಮಾಡಿ ಟ್ರ್ಯಾಕ್ಟರ್ ತಗೊಂಡ್ವಿ, ಕಡಾಣಿ ಮುಟ್ಟೋ ಅಭ್ಯಾಸ ಬಿಟ್ವಿ.

ಮಾರನೇ ದಿನ ಹೊಸ ಪಿನ್ನು ತಗೊಂಡು ವೆಲ್ಡಿಂಗ್ ಅಂಗಡಿಗೆ ಹೋದೆ. ಅಲ್ಲಿನ ಯಜಮಾನ್ರು ಪಿನ್ನು ಹಾಕಿ ಅಲ್ಲಾಡಿಸಿ ನೋಡಿ, 'ಪಿನ್ನೇನೋ ಹೊಸಾದೈತಿ, ಹೋಲು ಮೊಟ್ಟೆ ಆಗೈತಲ್ಲಪ್ಪ' ಅಂದ್ರು. ನೋಡಿದ್ರೆ ನಿಜ, ದುಂಡಗಿರಬೇಕಾದ ತೂತು ಸವೆದು ಉದ್ದಕ್ಕಾಗಿತ್ತು. ಅದರೊಳಗೆ ಬುಶ್, ಅಂದ್ರೆ ಕಬ್ಬಿಣದ ಬಳೆ, ಕೂರಿಸಿ ಸರಿ ಮಾಡಿದ್ರು, ಮೂತಿಯ ಬೆಸುಗೆಯಲ್ಲಿ ಕೂದಲೆಳೆ ಬಿರುಕು ಇತ್ತು ಅದನ್ನೂ ತೋರಿಸಿದ್ರು. ಪಿನ್ನು ಮೇಲಿಂದ ಕೆಳಕ್ಕೆ ಹಾಕಬೇಕು, ಕೆಳಗಿನ ತೂತಿಗೆ ಕ್ಲಿಪ್ಪು ಕೂರಬೇಕು, ಆ ಕ್ಲಿಪ್ಪಿನ ಬೆಲೆ ಒಂದು ಪ್ಲೇಟ್ ಬೆಣ್ಣೆ ದೋಸೆಗಿಂತ ಕಮ್ಮಿ.

ಅವರು ಹೇಳಿದ ಮೇಲೇನೇ ಚೈನಿನ ವಿಷಯ ಗೊತ್ತಾಗಿದ್ದು. ಪಿನ್ನು ಹೋದ್ರೂ ಟ್ರೇಲರ್ ಬಿಟ್ಟುಹೋಗದಂಗೆ ಮೂತಿಯಿಂದ ಇಂಜಿನ್ನಿಗೆ ಎರಡು ಚೈನು, ಮೂತಿ ಕೆಳಗೆ ಒಂದಕ್ಕೊಂದು ಕತ್ತರಿ ಹಾಕಿದಂಗೆ ಎಡದ್ದು ಬಲಕ್ಕೆ ಬಲದ್ದು ಎಡಕ್ಕೆ. ಹಂಗಿದ್ರೆ ಕಳಚಿದ ಮೂತಿ ನೆಲಕ್ಕೆ ಬಿದ್ದು ರಸ್ತೆ ಅಗೆಯೋ ಬದಲು ಚೈನಿನ ತೊಟ್ಟಿಲಲ್ಲಿ ಬೀಳುತ್ತೆ. ನಮ್ಮೂರಲ್ಲಿ ಚೈನ್ ಹಾಕಿರೋರು ಇಬ್ಬರು ಇದ್ರು, ಅದರಲ್ಲಿ ಒಬ್ಬ ಚೈನನ್ನ ಅದೇ ಪಿನ್ನಿಗೇ ಸಿಗಿಸಿದ್ದ! ಪಿನ್ನು ಹಾರಿದ್ರೆ ಚೈನೂ ಅದರ ಜೊತೆಗೇ ಹೋಗುತ್ತಲ್ಲೋ ಮಾರಾಯ ಅಂದ್ರೆ ನಕ್ಕ. ಚೈನು ಇಂಜಿನ್ನಿನ ಗಟ್ಟಿ ಚಾಸಿಗೇ ಬೇರೆ ಬೋಲ್ಟ್ ಹಾಕಿ ಕಟ್ಟಬೇಕು, ಪೂರ್ತಿ ತಿರುಗಿಸಿದಾಗ ಬಿಗಿ ಆಗಬಾರದು, ನೆಲಕ್ಕೂ ಎಳೀಬಾರದು, ಮತ್ತೆ ದನ ಕಟ್ಟೋ ಸರಪಳಿ ಇದಕ್ಕೆ ನಡೆಯಲ್ಲ, ಹೇರಿದ ಭಾರ ತಡೀಬೇಕು.

ಬ್ರೇಕಿನ ವಿಷಯನೂ ಒಂದು ಮಾತು. ನಮ್ಮ ಕಡೆ ಬಹಳ ಟ್ರೇಲರಿಗೆ ಸ್ವಂತ ಬ್ರೇಕ್ ಇರಲ್ಲ, ಎಲ್ಲ ಭಾರ ಇಂಜಿನ್ ಒಂದೇ ತಡೀಬೇಕು. ಉಳುಮೆಗೆ ಅಂತ ಎಡ ಬಲ ಬ್ರೇಕ್ ಪೆಡಲ್ ಬಿಡಿಸಿರ್ತೀವಲ್ಲ, ರಸ್ತೆಗೆ ಬರೋ ಮುಂಚೆ ಎರಡನ್ನೂ ಸೇರಿಸೋ ಪಟ್ಟಿ ಹಾಕೋದು ಮರೆತ್ರೆ ಒಂದೇ ಗಾಲಿ ಹಿಡಿದು ಹಿಂದಿನ ಟ್ರೇಲರ್ ಇಂಜಿನ್ನನ್ನೇ ಅಡ್ಡ ತಳ್ಳುತ್ತೆ. ಇಳಿಜಾರಲ್ಲಿ ಡೀಸೆಲ್ ಉಳಿಸ್ತೀನಿ ಅಂತ ನ್ಯೂಟ್ರಲ್ ಮಾಡೋರಿಗಂತೂ ಏನು ಹೇಳೋದೋ. ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಬಗ್ಗೆ ಎಲ್ಲರೂ ಹೇಳ್ತಾರೆ, ಅದು ಗೊತ್ತಿರೋದೇ. ಆದ್ರೆ ಕೆಟ್ಟು ನಿಂತಾಗ ಗಾಲಿಗೆ ಕಲ್ಲು ಕೊಟ್ಟು, ರಿಪೇರಿ ಆದ್ಮೇಲೆ ಆ ಕಲ್ಲನ್ನ ನಡುರಸ್ತೆಯಲ್ಲೇ ಬಿಟ್ಟು ಹೋಗೋರು ಇದಾರಲ್ಲ, ರಾತ್ರಿ ಬೈಕಲ್ಲಿ ಬರೋನಿಗೆ ಅದೇ ಯಮ.

ಇದರಲ್ಲಿ ನಂಗೆ ಬೇಜಾರಾಗೋದು ಒಂದೇ. ದಾರಿಯಲ್ಲಿ ನಿಲ್ಲಿಸಿ ಕಾಗದಪತ್ರ ಕೇಳೋರು ಇದಾರೆ, ಟ್ರೇಲರಿಗೆ ಬೇರೆ ನಂಬರ್ ಇದೆಯಾ, ಇನ್ಶೂರೆನ್ಸ್ ಇದೆಯಾ ಅಂತ ಕೇಳ್ತಾರೆ, ಕೇಳಲಿ, ಅದು ಬೇಕು. ಆದ್ರೆ ಬಗ್ಗಿ ಹುಕ್ಕು ನೋಡಿದೋರನ್ನ ನಾನು ಇಷ್ಟು ವರ್ಷದಲ್ಲಿ ಕಂಡಿಲ್ಲ. ಎಪಿಎಂಸಿ ಗೇಟಲ್ಲಿ, ವೇಬ್ರಿಡ್ಜ್ ಹತ್ತಿರ ಗಾಡಿ ಹೆಂಗೂ ಸಾಲಲ್ಲಿ ನಿಂತೇ ಇರುತ್ತೆ, ಅಲ್ಲೊಬ್ಬ ಕೈಯಲ್ಲಿ ಟಾರ್ಚ್ ಹಿಡಿದು ಪಿನ್ನು, ಕ್ಲಿಪ್ಪು, ಚೈನು ನೋಡಿ ಇಲ್ಲದೋರಿಗೆ ಅಲ್ಲೇ ಕ್ಲಿಪ್ ಮಾರಿದ್ರೂ ಆಗುತ್ತೆ, ದಂಡ ಹಾಕೋದು ಬೇಡ. ಟ್ರ್ಯಾಕ್ಟರ್ ಮಾರೋರು ಪೂಜೆ ಮಾಡಿಸಿ ಹಾರ ಹಾಕಿ ಫೋಟೋ ತೆಗೀತಾರೆ, ಆ ಹತ್ತು ನಿಮಿಷದಲ್ಲಿ ಹುಕ್ ಹಾಕೋದು ಹೆಂಗೆ ಅಂತ ಹುಡುಗರಿಗೆ ತೋರಿಸಲಿ.

ನಿಮ್ಮ ವರದಿಗಾರರಲ್ಲೂ ಒಂದು ಕೋರಿಕೆ. ಮುಂದಿನ ಸಲ ಟ್ರೇಲರ್ ಕಳಚಿದ ಜಾಗಕ್ಕೆ ಹೋದಾಗ ಜನ ಸೇರಿರೋ ಫೋಟೋ ಜೊತೆ ಹುಕ್ಕಿನ ಫೋಟೋನೂ ತೆಗೀರಿ, ಪಿನ್ನು ಎಂಥದು ಇತ್ತು, ಕ್ಲಿಪ್ ಇತ್ತಾ, ಚೈನ್ ಇತ್ತಾ ಅಂತ ಕೇಳಿ ಬರೀರಿ. ಈ ಕಾಗದ ಹಾಕೋದಾದ್ರೆ ದಯವಿಟ್ಟು ಸಂಪಾದಕೀಯದ ಪಕ್ಕ ಬೇಡ, ನಮ್ಮೂರ ಟೀ ಅಂಗಡಿಯಲ್ಲಿ ಆ ಪುಟ ಬೋಂಡಾ ಕಟ್ಟೋಕೆ ಹೋಗುತ್ತೆ, ಜಿಲ್ಲಾ ಪುಟದಲ್ಲಿ ಅಡಿಕೆ ರೇಟು, ಜೋಳದ ರೇಟಿನ ಕೆಳಗೆ ಹಾಕಿ.

ಇಂತಿ,
ಆನಗೋಡು ಹೋಬಳಿಯ ಒಬ್ಬ ರೈತ
ದಾವಣಗೆರೆ ತಾಲ್ಲೂಕು