ಆರು ತಿಂಗಳ ಗ್ಯಾಸ್ಟ್ರಿಕ್ ಮಾತ್ರೆ

ಮಾನ್ಯರೇ,

ನಮ್ಮ ಭಾವ ಆರು ತಿಂಗಳು ‘ಗ್ಯಾಸ್ಟ್ರಿಕ್ಕು ಕಣಪ್ಪ’ ಎನ್ನುತ್ತಲೇ ಮೆಡಿಕಲ್ ಸ್ಟೋರಿನ ಮಾತ್ರೆ ನುಂಗಿದರು. ಆಮೇಲೆ ಮುದ್ದೆಯ ತುತ್ತು ಎದೆಯಲ್ಲೇ ನಿಲ್ಲತೊಡಗಿತು. ತುತ್ತು ಚಿಕ್ಕದು ಮಾಡಿ, ಬಸ್ಸಾರು ಹೆಚ್ಚು ಸುರಿದುಕೊಂಡು ಉಣ್ಣುತ್ತಿದ್ದರೇ ಹೊರತು ಯಾರಿಗೂ ಹೇಳಲಿಲ್ಲ. ಮೈಸೂರಿಗೆ ಕರೆದೊಯ್ದು ಎಂಡೋಸ್ಕೋಪಿ (ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ನೋಡುವ ಪರೀಕ್ಷೆ) ಮಾಡಿಸಿದರೆ ಅನ್ನನಾಳದ ಕ್ಯಾನ್ಸರ್. ಅಷ್ಟರಲ್ಲಿ ಅದು ಆಳಕ್ಕೆ ಇಳಿದಿತ್ತು.

ಅನ್ನನಾಳದ್ದಾಗಲಿ ಜಠರದ್ದಾಗಲಿ, ಕ್ಯಾನ್ಸರ್ ತೀರಾ ಮೇಲಿನ ಒಳಪದರದಲ್ಲೇ ಇದ್ದಾಗ ಸಿಕ್ಕರೆ ಎದೆ, ಹೊಟ್ಟೆ ಕೊಯ್ಯದೆಯೇ ತೆಗೆಯಬಹುದಂತೆ. ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ, ಗಡ್ಡೆಯ ಅಡಿಗೆ ದ್ರವ ಚುಚ್ಚಿ ಬೊಬ್ಬೆಯಂತೆ ಉಬ್ಬಿಸಿ, ವಿದ್ಯುತ್ ಚಾಕುವಿನಿಂದ ಸುತ್ತಲೂ ಬಿಡಿಸಿ ಒಂದೇ ತುಂಡಾಗಿ ಎತ್ತಿಕೊಳ್ಳುತ್ತಾರೆ. ಇಎಸ್‌ಡಿ (ಎಂಡೋಸ್ಕೋಪಿಕ್ ಸಬ್‌ಮ್ಯೂಕೋಸಲ್ ಡಿಸೆಕ್ಷನ್) ಎನ್ನುವ ಈ ವಿಧಾನ 1990ರ ದಶಕದಲ್ಲಿ ಜಪಾನಿನಲ್ಲಿ ರೂಪುಗೊಂಡದ್ದು. ರಕ್ತಸ್ರಾವ, ತೂತು ಬೀಳುವ ಅಪಾಯ ಇದಕ್ಕೂ ಇದೆ. ತೆಗೆದ ತುಂಡಿನ ಪರೀಕ್ಷೆಯಲ್ಲಿ ಬೇರು ಆಳದಲ್ಲಿದೆ ಎಂದು ಕಂಡರೆ ಆಪರೇಷನ್ನೂ ಬೇಕಾಗಬಹುದು. ಆದರೂ ಜಠರವೋ ಅನ್ನನಾಳವೋ ಉಳಿದುಕೊಳ್ಳುವುದು ಸಣ್ಣ ಮಾತಲ್ಲ.

ಜಪಾನಿನಲ್ಲಿ 50 ದಾಟಿದವರಿಗೆ ಜಠರದ ಕ್ಯಾನ್ಸರ್ ಪತ್ತೆಗೆ ಎಂಡೋಸ್ಕೋಪಿ ತಪಾಸಣೆಯ ಏರ್ಪಾಡಿದೆ. ನಮ್ಮಲ್ಲಿ ಎಲ್ಲರಿಗೂ ಅದು ಆಗದ ಮಾತು, ಒಪ್ಪುತ್ತೇನೆ. ಆದರೆ ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ನಡೆಯುವ ಆರೋಗ್ಯ ಶಿಬಿರಗಳು ಬಿಪಿ, ಶುಗರ್ ನೋಡಿ ಕಳಿಸುವುದಕ್ಕೇ ನಿಲ್ಲಬೇಕೆ? ‘ನುಂಗಲು ಕಷ್ಟವೇ? ತೂಕ ಇಳಿದಿದೆಯೇ? ಮಲ ಕಪ್ಪಗಿದೆಯೇ?’ ಎಂದು ಕೇಳುವುದಕ್ಕೆ ಯಂತ್ರ ಬೇಡ. ಬೀಡಿ, ಹೊಗೆಸೊಪ್ಪು, ಕುಡಿತದ ಅಭ್ಯಾಸವಿರುವವರನ್ನಂತೂ ಕೇಳಲೇಬೇಕು. ಹೌದು ಎಂದವರಿಗೆ ಚೀಟಿ ಬರೆದು ಅದೇ ವಾರ ಎಂಡೋಸ್ಕೋಪಿಗೆ ಕಳಿಸುವ ವ್ಯವಸ್ಥೆಯನ್ನು ಆರೋಗ್ಯ ಇಲಾಖೆ ಮಾಡಲಿ.

– ಒಬ್ಬ ಓದುಗ, ಮದ್ದೂರು